ನಮಾಜಿಗೆ ಕರೆಯುವ ಬಗೆ

ಪ್ರಾಯಕ್ಕೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ಪ್ರತಿ ಮುಸ್ಲಿಮರ ಮೇಲೂ ದಿನಕ್ಕೆ ಐದು ಹೊತ್ತಿನ ನಮಾಜ್ ಕಡ್ಡಾಯ. ಫಜರ್‌ನಲ್ಲಿ 2, ಜೊಹರ್‌ನಲ್ಲಿ 4, ಅಸರ್‌ನಲ್ಲಿ 4, ಮಗ್ರಿಬ್‌ನಲ್ಲಿ 3, ಇಶಾದಲ್ಲಿ 4, ಒಟ್ಟು 17 ರಕಾತ್ (ನಮಾಜಿನ ಆವರ್ತನೆ) ಫರ್ಜ್, ಅಂದರೆ ಕಡ್ಡಾಯ. ಇದರಲ್ಲಿ ಯಾವ ಪಂಥಕ್ಕೂ ತಕರಾರಿಲ್ಲ. ನಮಾಜ್ ಕೈಬಿಟ್ಟವನಿಗೆ ಇನ್ನೊಬ್ಬ ಅದನ್ನು ನೆನಪಿಸಬಹುದೇ, ನೆನಪಿಸುವುದಾದರೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಬಂದಾಗ ಮಾತ್ರ ಗೊಂದಲ ಶುರುವಾಗುತ್ತದೆ. ನಿಯ್ಯತ್, ಅಂದರೆ ಮನಸ್ಸಿನ ಸಂಕಲ್ಪ, ಇಲ್ಲದೆ ನಮಾಜ್ ಇಲ್ಲ. ನಿಯ್ಯತ್ತನ್ನು ಒಬ್ಬರ ಬದಲಿಗೆ ಮತ್ತೊಬ್ಬರು ಮಾಡಲು ಬರುವುದಿಲ್ಲ. ಅಪ್ಪ ಮಗನಿಗಾಗಿ, ಇಮಾಮರು ಮೊಹಲ್ಲಾದವರಿಗಾಗಿ ಮಾಡಲಾರರು. ಹಾಗಿದ್ದ ಮೇಲೆ ಹೊರಗಿನವನ ಮಾತಿಗೆ ಇಲ್ಲಿ ಏನು ಕೆಲಸ? ದಾರಿಯಲ್ಲಿ ಬಿದ್ದಿರುವ ಅಡ್ಡಿಗಳನ್ನು ತೆಗೆಯುವುದಷ್ಟೇ ಅವನ ಕೆಲಸ ಎಂದು ಶಾಸ್ತ್ರಗ್ರಂಥಗಳನ್ನೂ ಊರಿನ ಅನುಭವವನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುತ್ತದೆ. ನಡೆಯುವುದು ಅವನವನಿಗೇ ಬಿಟ್ಟದ್ದು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಈ ಪ್ರಶ್ನೆ ಮದರಸಾದಲ್ಲಿ ಏಳುವುದಕ್ಕಿಂತ ಹೆಚ್ಚಾಗಿ ಗ್ಯಾರೇಜು, ಮಂಡಿ, ಸಂತೆಗಳಲ್ಲಿ ಏಳುತ್ತದೆ. ಶುಕ್ರವಾರ ಜುಮಾಕ್ಕೆ ಮಸೀದಿ ತುಂಬಿ ಅಂಗಳದಲ್ಲೂ ಸಾಲು ನಿಲ್ಲುತ್ತದೆ. ಶನಿವಾರದ ಫಜರ್‌ಗೆ ಒಂದು ಸಾಲು ತುಂಬಿದರೆ ಹೆಚ್ಚು. ರಂಜಾನಿನಲ್ಲಿ ಜಾಗ ಸಾಲದು, ಈದ್ ಕಳೆದ ವಾರ ಹಳೆಯ ಮುಖಗಳೇ ಉಳಿಯುತ್ತವೆ. ದಖನಿ ಮನೆಮಾತಿನವರ ಜೊತೆಗೆ ಕನ್ನಡವನ್ನೇ ಆಡುವ ಪಿಂಜಾರರು, ಅಂದರೆ ನದಾಫರು, ಈ ಸೀಮೆಯಲ್ಲಿದ್ದಾರೆ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವರ ಕುಲಕಸುಬು. ಹಳ್ಳಿಗಳಲ್ಲಿ ಮೊಹರಂ ಊರಿಗೆಲ್ಲ ಹಬ್ಬ. ಮೊಹರಮ್ಮಿನ ಪಂಜಾ ಹಿಡಿಯುವ, ದರ್ಗಾದ ಉರುಸಿಗೆ ತಪ್ಪದೆ ಹೋಗುವ ಮನೆತನದಲ್ಲೂ ಐದು ಹೊತ್ತಿನ ನಮಾಜ್ ರೂಢಿಯಲ್ಲಿ ಇಲ್ಲದಿರಬಹುದು. ಇಂಥವರಿಗೆ ದೀನ್ ಗೊತ್ತಿಲ್ಲ ಎಂದು ಮಾತು ಶುರುಮಾಡಿದರೆ ಆ ಮಾತು ಅಲ್ಲಿಗೇ ಮುಗಿದಂತೆ. ಅವರ ಮನೆಯಲ್ಲಿ ದೇವರ ಮೇಲಿನ ಭಕ್ತಿಗೇನೂ ಬರವಿರುವುದಿಲ್ಲ. ಭಕ್ತಿಗೆ ಹೊತ್ತು ಗೊತ್ತುಮಾಡುವ ಅಭ್ಯಾಸವೊಂದು ಬೆಳೆದಿರುವುದಿಲ್ಲ, ಅಷ್ಟೆ.

ಬಿಟ್ಟವನನ್ನು ಏನೆಂದು ಎಣಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ದಖ್ಖನ್ನಿನ ಮುಸ್ಲಿಮರಲ್ಲಿ ಹೆಚ್ಚಿನವರು ಇಮಾಮ್ ಅಬೂ ಹನೀಫಾರ ಪಂಥದವರು. ಕರಾವಳಿಯ ಬ್ಯಾರಿಗಳು ಶಾಫಿ ಪಂಥದವರು. ನಮಾಜ್ ಕಡ್ಡಾಯವೇ ಅಲ್ಲ ಎಂದು ವಾದಿಸುವುದು ಬೇರೆ, ಕಡ್ಡಾಯವೆಂದು ಒಪ್ಪಿಯೂ ಸೋಮಾರಿತನದಿಂದಲೋ ಕೆಲಸದ ಒತ್ತಡದಿಂದಲೋ ಬಿಡುವುದು ಬೇರೆ. ಎರಡನೆಯದು ಹನಫಿ ಮತದ ಪ್ರಕಾರ ದೊಡ್ಡ ಪಾಪ, ಆದರೆ ಅದರಿಂದ ಮನುಷ್ಯ ಇಸ್ಲಾಮಿನಿಂದ ಹೊರಗೆ ಹೋಗುವುದಿಲ್ಲ. ಹಂಬಲಿ ಪಂಥದ ಕೆಲವರ ಅಭಿಪ್ರಾಯ ಇದಕ್ಕಿಂತ ಕಠಿಣ. ಈ ಸೀಮೆಯಲ್ಲಿ ನಡೆಯುವುದು ಹನಫಿ ಮಾತು. ಆದ್ದರಿಂದ ಎದುರಿಗೆ ಕೂತವನು ತಮ್ಮನೇ, ಹೊರಗಿನವನಲ್ಲ. ಮಾತಿನ ಧಾಟಿ ಇಲ್ಲಿಂದಲೇ ಇಳಿಯಬೇಕಾಗುತ್ತದೆ.

ಧರ್ಮವೆಂದರೆ ನಸೀಹತ್, ಅಂದರೆ ಇನ್ನೊಬ್ಬರ ಒಳಿತನ್ನು ಮನಸಾರೆ ಬಯಸುವುದು, ಎಂಬ ಅರ್ಥದ ಪ್ರವಾದಿವಚನವನ್ನು ತಮೀಮ್ ದಾರಿ ವರದಿ ಮಾಡಿದ್ದಾರೆ; ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ಅದಿದೆ. ಮನೆಯವರಿಗೆ ನಮಾಜನ್ನು ಹೇಳು, ನೀನೂ ಅದರಲ್ಲಿ ತಾಳ್ಮೆಯಿಂದ ಇರು ಎಂಬುದು ಕುರ್‌ಆನಿನ 20ನೆಯ ಅಧ್ಯಾಯದ ಆಶಯ. ಹೇಳುವವನಿಗೂ ಅದೇ ವಾಕ್ಯದಲ್ಲಿ ಕೆಲಸ ಹಚ್ಚಿರುವುದನ್ನು ಗಮನಿಸಬೇಕು. ಅದೇ ಅಧ್ಯಾಯದಲ್ಲಿ ಮೂಸಾ ಮತ್ತು ಹಾರೂನರನ್ನು ಫಿರ್‌ಔನನ ಬಳಿಗೆ ಕಳುಹಿಸುವಾಗ ಮೃದುವಾಗಿ ಮಾತನಾಡಿ ಎಂದು ಅಪ್ಪಣೆಯಾಗುತ್ತದೆ. ಇಮಾಮ್ ಗಝಾಲಿ (ನಿಧನ 1111) ತಮ್ಮ ಇಹ್ಯಾ ಗ್ರಂಥದಲ್ಲಿ ಈ ಪ್ರಸಂಗವನ್ನು ಖಲೀಫ ಮಾಮೂನನ ಕಥೆಗೆ ಜೋಡಿಸುತ್ತಾರೆ. ಒಬ್ಬ ಉಪದೇಶಕ ಬಿರುಸಾಗಿ ಗದರಿದಾಗ ಮಾಮೂನ ಹೇಳಿದ್ದು ಇಷ್ಟು: ನಿನಗಿಂತ ಮೇಲಾದವರನ್ನು ನನಗಿಂತ ಕೀಳಾದವನ ಬಳಿಗೆ ಕಳುಹಿಸಿದಾಗಲೂ ದೇವರು ಮೆತ್ತಗೆ ಮಾತಾಡಿ ಎಂದಿದ್ದ. ಅಧಿಕಾರದಲ್ಲಿದ್ದವನಿಗೆ ಈ ಉತ್ತರ ಅನುಕೂಲದ್ದು, ನಿಜ. ಆದರೂ ಗ್ಯಾರೇಜಿನ ಹುಡುಗನ ಬಾಯಲ್ಲೂ ಅದು ಅಷ್ಟೇ ಸರಿ.

ಗದರಿದರೆ ಏನಾಗುತ್ತದೆ ಎಂಬುದಕ್ಕೆ ಹದೀಸ್‌ಗಳಲ್ಲಿ ಸಿಗುವ ದೃಷ್ಟಾಂತಗಳಲ್ಲಿ ಪ್ರವಾದಿಯವರ ಸಂಗಾತಿ ಮುಆಜ್ ಬಿನ್ ಜಬಲರ ಪ್ರಸಂಗ ಬಯಲುಸೀಮೆಯ ಬದುಕಿಗೆ ಎಲ್ಲಕ್ಕಿಂತ ಹತ್ತಿರ. ಮುಆಜ್ ಮದೀನಾದಲ್ಲಿ ಪ್ರವಾದಿಯವರ ಹಿಂದೆ ಇಶಾ ಮುಗಿಸಿಕೊಂಡು, ತಮ್ಮ ಕೇರಿಗೆ ಬಂದು ಅಲ್ಲಿಯವರಿಗೆ ಇಮಾಮತ್ ಮಾಡುತ್ತಿದ್ದರು. ಒಂದು ರಾತ್ರಿ ಕುರ್‌ಆನಿನ ಅತಿ ದೀರ್ಘ ಅಧ್ಯಾಯವಾದ ಬಖರಾವನ್ನು ಓದತೊಡಗಿದರು. ಹಗಲೆಲ್ಲ ತೋಟಕ್ಕೆ ನೀರು ಎತ್ತುವ ಎರಡು ಒಂಟೆಗಳನ್ನು ಹೊಡೆದುಕೊಂಡು, ಕತ್ತಲಾದ ಮೇಲೆ ಬಂದು ಸಾಲಿನಲ್ಲಿ ನಿಂತಿದ್ದ ಒಬ್ಬ ದುಡಿಮೆಗಾರನಿಗೆ ತಡೆಯಲಾಗಲಿಲ್ಲ. ಸಾಲು ಬಿಟ್ಟು ಒಬ್ಬನೇ ಚಿಕ್ಕದಾಗಿ ನಮಾಜ್ ಮುಗಿಸಿ ಹೊರಟುಹೋದ. ಅವನು ಕಪಟಿ ಎಂದು ಮುಆಜ್ ಅಂದದ್ದು ಅವನ ಕಿವಿಗೂ ಬಿತ್ತು. ಅವನು ನೇರವಾಗಿ ಪ್ರವಾದಿಯವರ ಬಳಿಗೆ ಹೋಗಿ ದೂರಿದ. ಅವರು ಮುಆಜರನ್ನೇ ತರಾಟೆಗೆ ತೆಗೆದುಕೊಂಡರು. ಜನರನ್ನು ಫಿತ್ನಾಕ್ಕೆ (ಸಂಕಟಕ್ಕೆ) ದೂಡುತ್ತೀಯಾ ಎಂದು ಮೂರು ಸಲ ಕೇಳಿದರು. ಹಿಂದೆ ಮುದುಕರು, ಅಶಕ್ತರು, ಕೆಲಸವಿರುವವರು ನಿಂತಿರುತ್ತಾರೆ, ಚಿಕ್ಕ ಅಧ್ಯಾಯಗಳನ್ನು ಓದು ಎಂದು ಅವುಗಳ ಹೆಸರನ್ನೂ ಹೇಳಿಕೊಟ್ಟರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿರುವ ಈ ಪ್ರಸಂಗದಲ್ಲಿ ಸಾಲು ಬಿಟ್ಟವನಿಗೆ ಬೈಗುಳವಿಲ್ಲ. ಸಾಲು ಬಿಡುವಂತೆ ಮಾಡಿದವನಿಗೆ ಇದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಹೊಳಲ್ಕೆರೆ, ಭೀಮಸಮುದ್ರದ ಕಡೆ ಹೊತ್ತು ಮುಳುಗುವವರೆಗೆ ದುಡಿದು ಬಂದವನು ಇಶಾಗೆ ಬರಲಿಲ್ಲವೆಂದು ಆಕ್ಷೇಪಿಸುವವರು ಒಮ್ಮೆ ಈ ಒಂಟೆ ಹೊಡೆಯುವವನನ್ನು ನೆನೆಯಬೇಕು.

ಇನ್ನೊಂದು ಪ್ರಸಂಗ ಪ್ರವಾದಿಯವರೂ ಅವರ ತಂಡವೂ ಖೈಬರ್‌ನಿಂದ ಹಿಂದಿರುಗುವಾಗಿನದು. ರಾತ್ರಿ ಪಯಣಿಸಿ ದಣಿದ ತಂಡ ಮಲಗಿತು, ಬೆಳಗಿನ ಜಾವಕ್ಕೆ ಎಬ್ಬಿಸುವ ಹೊಣೆ ಅವರ ಸಂಗಾತಿ ಬಿಲಾಲರದು. ಒಂಟೆಗೆ ಒರಗಿ ಕೂತ ಬಿಲಾಲರಿಗೂ ನಿದ್ದೆ ಹತ್ತಿತು. ಬಿಸಿಲು ಮುಖಕ್ಕೆ ಬಿದ್ದಾಗಲೇ ಎಲ್ಲರಿಗೂ ಎಚ್ಚರ. ಪ್ರವಾದಿಯವರೇ ಕೇಳಿದಾಗ ಬಿಲಾಲರು, ನಿಮ್ಮನ್ನು ಹಿಡಿದದ್ದೇ ನನ್ನನ್ನೂ ಹಿಡಿಯಿತು ಎಂಬರ್ಥದಲ್ಲಿ ಉತ್ತರಿಸಿದರು. ವಿಚಾರಣೆ ಅಲ್ಲಿಗೆ ಮುಗಿಯಿತು. ಸ್ವಲ್ಪ ಮುಂದೆ ಸಾಗಿ, ವುಜೂ (ನಮಾಜಿಗೆ ಮುಂಚಿನ ಅಂಗಶುದ್ಧಿ) ಮಾಡಿ, ತಪ್ಪಿದ ಫಜರನ್ನು ಜಮಾಅತಿನಲ್ಲೇ, ಅಂದರೆ ಎಲ್ಲರೂ ಒಟ್ಟಾಗಿಯೇ, ಮಾಡಿದರು. ನಿದ್ದೆಯಿಂದಲೋ ಮರೆವಿನಿಂದಲೋ ತಪ್ಪಿದರೆ ನೆನಪಾದೊಡನೆ ಮಾಡುವುದು ಎಂಬ ನಿಯಮ ಇಲ್ಲಿಂದ ನಿಂತಿತು.

ಈಗ ಅಡ್ಡಿಗಳು. ಹಿರಿಯೂರು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿನ ಊರು, ಬಳ್ಳಾರಿ ಕಡೆಯ ರಸ್ತೆಯೂ ಅಲ್ಲೇ ಒಡೆಯುತ್ತದೆ. ಇಂಥ ಹೆದ್ದಾರಿಯೂರಿನ ಪಂಕ್ಚರ್ ಅಂಗಡಿ, ಲಾರಿ ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರನ್ನು ಕೇಳಿದರೆ ಬರುವ ಮೊದಲ ಉತ್ತರ 'ಕಪಡೆ ಪಾಕ್ ನೈ' ಎಂದು. ಬಟ್ಟೆ ಶುದ್ಧವಿಲ್ಲ. ಈ ಉತ್ತರವನ್ನು ನೆಪ ಎಂದು ತಳ್ಳಿಹಾಕುವವರು ಒಂದು ಅವಕಾಶ ಕಳೆದುಕೊಳ್ಳುತ್ತಾರೆ, ಏಕೆಂದರೆ ಹುಡುಗ ಎಷ್ಟೋ ಸಲ ಅದನ್ನು ನಿಜವೆಂದೇ ನಂಬಿರುತ್ತಾನೆ. ಫಿಖ್ಹಿನಲ್ಲಿ, ಅಂದರೆ ಧರ್ಮಶಾಸ್ತ್ರದಲ್ಲಿ, ಕೊಳೆ ಬೇರೆ, ನಾಪಾಕಿ (ಅಶುದ್ಧಿ) ಬೇರೆ. ಮೂತ್ರ, ಮಲ, ಹರಿದ ರಕ್ತ ಇವು ಬಟ್ಟೆಯನ್ನು ನಾಪಾಕ್ ಮಾಡುತ್ತವೆ. ಗ್ರೀಸು, ಇಂಜಿನ್ ಆಯಿಲ್, ಧೂಳು, ಬೆವರು ಮಾಡುವುದಿಲ್ಲ. ಆಯಿಲ್ ಮೆತ್ತಿ ಕಪ್ಪಾದ ಪ್ಯಾಂಟಿನಲ್ಲಿ ಮಾಡಿದ ನಮಾಜೂ ಆಗುತ್ತದೆ. ಕೈಯ ವಿಷಯದಲ್ಲಿ ನೋಡಬೇಕಾದದ್ದು ನೀರು ಚರ್ಮಕ್ಕೆ ತಾಗುತ್ತದೆಯೇ ಎಂಬುದನ್ನು: ಎಣ್ಣೆಯ ಜಿಡ್ಡು, ಉಗುರುಸಂದಿಯ ಕಪ್ಪು ಕಲೆ ಅಡ್ಡಿಯಲ್ಲ, ಪದರವಾಗಿ ಒಣಗಿದ ಬಣ್ಣ, ಗಟ್ಟಿ ಅಂಟು ಅಡ್ಡಿ, ಅದನ್ನು ಕೆರೆದು ತೆಗೆಯಬೇಕು. ಮಸೀದಿಯ ಜಮಖಾನೆ ಕೊಳೆಯಾದೀತೆಂಬ ಸಂಕೋಚವಿದ್ದರೆ ಅಂಗಡಿಯಲ್ಲೇ ಒಂದು ಮುಸಲ್ಲಾ (ನಮಾಜಿನ ಹಾಸು) ಇಟ್ಟುಕೊಂಡರಾಯಿತು. ಇಷ್ಟು ತಿಳಿಸುವುದಕ್ಕೆ ಎರಡು ನಿಮಿಷ ಸಾಕು. ನರಕದ ವರ್ಣನೆಗೆ ಅರ್ಧ ಗಂಟೆ ಬೇಕು.

ಎರಡನೆಯ ಅಡ್ಡಿ ಹಳೆಯ ಬಾಕಿ. ಹತ್ತು ವರ್ಷ ನಮಾಜ್ ಬಿಟ್ಟವನು ಅಷ್ಟನ್ನೂ ತೀರಿಸದೆ ಹೊಸದನ್ನು ಹೇಗೆ ಶುರುಮಾಡಲಿ ಎಂದು ಕೂರುತ್ತಾನೆ. ತಪ್ಪಿದ ಫರ್ಜ್ ಮತ್ತು (ಇಶಾದ ನಂತರದ) ವಿತರ್ ನಮಾಜುಗಳಿಗೆ ಖಜಾ ಮಾಡಬೇಕು, ಅಂದರೆ ಆಮೇಲೆ ತೀರಿಸಬೇಕು, ಎಂಬುದು ಹನಫಿ ನಿಯಮ, ಹೌದು. ಆದರೆ ಅದೇ ಪಂಥದಲ್ಲಿ ಇನ್ನೊಂದು ನಿಯಮವಿದೆ, ಅದನ್ನು ಕೇಳಿದವರು ಕಡಿಮೆ. ತಪ್ಪಿದ್ದು ಐದೋ ಅದಕ್ಕಿಂತ ಕಡಿಮೆಯೋ ಇದ್ದರೆ ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಮಾಡುವ ಅನುಕ್ರಮ ಪಾಲಿಸಬೇಕು. ಆರು ಮತ್ತು ಅದಕ್ಕಿಂತ ಹೆಚ್ಚಾದರೆ ಆ ಅನುಕ್ರಮವೇ ಬಿದ್ದುಹೋಗುತ್ತದೆ. ಅಂದರೆ ಬಾಕಿ ಹೆಚ್ಚಾಗಿದ್ದರೆ ಇವತ್ತಿನ ಹೊತ್ತಿನ ನಮಾಜಿಗೆ ಅದು ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಅಸರ್ ಅಜಾನ್ ಕೇಳಿಸಿತೇ, ಅಸರ್‌ನಿಂದ ಶುರು. ಹಳೆಯದನ್ನು ಅಂದಾಜಿನಲ್ಲಿ ಎಣಿಸಿ, ಪ್ರತಿ ಹೊತ್ತಿನ ನಮಾಜಿನ ಜೊತೆ ಅದೇ ಹೊತ್ತಿನ ಒಂದು ಖಜಾ ಮಾಡುತ್ತ ಹೋದರೆ ಒಂದು ವರ್ಷದ ಬಾಕಿ ಒಂದು ವರ್ಷದಲ್ಲಿ ತೀರುತ್ತದೆ. ದಿನಕ್ಕೆ 17 ಫರ್ಜ್, 3 ವಿತರ್, ಒಟ್ಟು 20 ರಕಾತ್ ಹೆಚ್ಚಿಗೆ. ಆದರೆ ಈ ಲೆಕ್ಕವನ್ನು ಮೊದಲ ದಿನವೇ ಮುಂದಿಡುವುದು ಜಾಣತನವಲ್ಲ. ಐದು ಹೊತ್ತು ರೂಢಿಗೆ ಬಂದವನು ತಾನಾಗಿಯೇ ಬಾಕಿಯ ಮಾತು ಎತ್ತುತ್ತಾನೆ.

ಫರ್ಜ್ ಅಲ್ಲದ ಸುನ್ನತ್, ನಫಿಲ್ ನಮಾಜುಗಳ ವಿಷಯದಲ್ಲೂ ಹಾಗೆಯೇ. ನಜ್ದ್‌ನಿಂದ ಬಂದ ಒಬ್ಬ ಹಳ್ಳಿಗ ಪ್ರವಾದಿಯವರನ್ನು ಕಡ್ಡಾಯ ಎಷ್ಟೆಂದು ಕೇಳಿದ. ಐದು ಹೊತ್ತು, ಮಿಕ್ಕದ್ದು ನಿನ್ನಿಚ್ಛೆ ಎಂಬ ಉತ್ತರ ಬಂತು. ಹೆಚ್ಚೂ ಮಾಡೆನು, ಕಡಿಮೆಯೂ ಮಾಡೆನು ಎಂದು ಅವನು ಹೊರಟಾಗ, ಮಾತಿಗೆ ನಿಂತರೆ ಗೆದ್ದ ಎಂದರು. ದಿನದ ಹನ್ನೆರಡು ರಕಾತ್ ಮುಅಕ್ಕದಾ (ಒತ್ತಿ ಹೇಳಿದ) ಸುನ್ನತ್‌ಗಳನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ, ಹನಫಿಗಳು ಅದಕ್ಕೆ ಒಪ್ಪುವುದೂ ಇಲ್ಲ. ಆದರೆ ಹೊಸದಾಗಿ ಶುರುಮಾಡುವವನ ಮುಂದೆ ಎಲ್ಲವನ್ನೂ ಒಟ್ಟಿಗೆ ಸುರಿದರೆ ಜೊಹರ್ ಅವನಿಗೆ ಬೆಟ್ಟದಂತೆ ಕಾಣುತ್ತದೆ. ಕಡಿಮೆಯಾದರೂ ಬಿಡದೆ ಮಾಡುವ ಕೆಲಸ ದೇವರಿಗೆ ಹೆಚ್ಚು ಮೆಚ್ಚು ಎಂಬ ಅರ್ಥದ, ಆಯಿಶಾ ಅವರಿಂದ ಬಂದ ವಚನವೂ ಇದನ್ನೇ ಹೇಳುತ್ತದೆ.

ಹೊತ್ತಿನ ಅಡ್ಡಿಗೆ ಸೂರ್ಯನ ಲೆಕ್ಕವೇ ಉತ್ತರ. ಚಿತ್ರದುರ್ಗ ಸಮಭಾಜಕ ವೃತ್ತದಿಂದ ಸುಮಾರು 14 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ವರ್ಷದ ಉದ್ದಕ್ಕೂ ಹಗಲು–ರಾತ್ರಿಗಳಲ್ಲಿ ಹೆಚ್ಚಿನ ಏರುಪೇರಿಲ್ಲ. ಫಜರ್ ಹೊತ್ತು ಬೇಸಿಗೆಯಲ್ಲಿ ನಾಲ್ಕೂವರೆಯ ಆಸುಪಾಸಿನಲ್ಲಿ, ಚಳಿಗಾಲದಲ್ಲಿ ಐದೂವರೆಯ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಮಗ್ರಿಬ್ ಸಂಜೆ ಸುಮಾರು ಆರರಿಂದ ಏಳರ ನಡುವೆ. ಲಂಡನ್ನಿನಲ್ಲಿ ಜೂನ್ ರಾತ್ರಿಗಳು ಪೂರ್ತಿ ಕಪ್ಪಾಗುವುದೇ ಇಲ್ಲ, ಅಲ್ಲಿಯವರು ಇಶಾ ಮತ್ತು ಫಜರ್‌ಗೆ ಹೊತ್ತು ಗೊತ್ತುಮಾಡಲು ಉಲೇಮಾಗಳ ಫತ್ವಾ ನೋಡಬೇಕು. ದುರ್ಗದವರಿಗೆ ಆ ತೊಡಕಿಲ್ಲ. ಇಲ್ಲಿ ಜೊಹರ್ ಮಧ್ಯಾಹ್ನ ಹನ್ನೆರಡೂವರೆಗೆ ಅತ್ತಿತ್ತ ಶುರುವಾಗಿ, ಹನಫಿ ಲೆಕ್ಕದ ಅಸರ್ ಬರುವವರೆಗೆ, ಅಂದರೆ ನಾಲ್ಕೂಕಾಲೋ ಐದೋ ಆಗುವವರೆಗೆ ಇರುತ್ತದೆ. ಸುಮಾರು ನಾಲ್ಕು ಗಂಟೆಯ ಈ ಅವಧಿಯಲ್ಲಿ ಹತ್ತು–ಹದಿನೈದು ನಿಮಿಷ ಸಿಗದ ಕಸುಬು ಕಡಿಮೆ. ಜಮಾಅತ್ ತಪ್ಪಿದರೆ ನಮಾಜೇ ತಪ್ಪಿತು ಎಂದುಕೊಂಡು ಬಿಟ್ಟುಬಿಡುವವರು ಬಹಳ; ಜಮಾಅತಿನ ಪುಣ್ಯ ಹೆಚ್ಚು, ಆದರೆ ಹೊತ್ತು ಇರುವವರೆಗೆ ನಮಾಜ್ ಇದೆ. ಸಂತೆಯಲ್ಲಿ ತರಕಾರಿ ಹಾಕಿಕೊಂಡು ಕೂತವನಿಗೆ ಪಕ್ಕದವರ ಸಹಾಯವೂ ಸುಲಭವಾಗಿ ಸಿಗುತ್ತದೆ. ಇದು ಮುರುಘಾ ಮಠ, ಸಿರಿಗೆರೆ ಮಠಗಳ ಸೀಮೆ. ಇಷ್ಟಲಿಂಗ ಪೂಜೆ ಆಗದೆ ತುತ್ತು ಮುಟ್ಟದ ಹಿರಿಯರನ್ನು ಮನೆಯಲ್ಲಿ ಕಂಡವರಿಗೆ ನಿತ್ಯನೇಮ ಎಂದರೇನೆಂದು ವಿವರಿಸಬೇಕಾಗಿಲ್ಲ. 'ಅಣ್ಣಾ, ಒಂದು ಹತ್ತು ನಿಮಿಷ ನೋಡ್ಕೊಳ್ಳಿ, ನಮಾಜ್ ಮಾಡ್ಕೊಂಡು ಬರ್ತೀನಿ' ಎಂದರೆ ತಕ್ಕಡಿ ಹಿಡಿಯಲು ಅವರೇ ಬಂದು ಕೂರುತ್ತಾರೆ.

ನೀರಿಲ್ಲ ಎಂಬ ಮಾತು ಬರಪೀಡಿತ ಜಿಲ್ಲೆಯಲ್ಲಿ ಸುಳ್ಳಲ್ಲ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಆದರೆ ವುಜೂವಿಗೆ ಕೊಡಗಟ್ಟಲೆ ನೀರು ಬೇಕಿಲ್ಲ. ಪ್ರವಾದಿಯವರು ಒಂದು ಮುದ್ ನೀರಿನಲ್ಲಿ ವುಜೂ ಮುಗಿಸುತ್ತಿದ್ದರು; ಅದು ಒಂದು ಲೀಟರಿಗಿಂತ ಕಡಿಮೆ. ಹನಫಿಗಳಲ್ಲಿ ವುಜೂವಿನ ಫರ್ಜ್ ನಾಲ್ಕೇ: ಮುಖ ತೊಳೆಯುವುದು, ಮೊಣಕೈ ಸೇರಿ ಕೈ ತೊಳೆಯುವುದು, ತಲೆಯ ಕಾಲುಭಾಗಕ್ಕೆ ಒದ್ದೆ ಕೈ ಸವರುವುದು, ಹರಡು ಸೇರಿ ಪಾದ ತೊಳೆಯುವುದು. ತಂಬಿಗೆ ನೀರನ್ನು ಎಡಗೈಯಿಂದ ಸಣ್ಣಗೆ ಬಗ್ಗಿಸಿ ಬಲ ಅಂಗೈಯಲ್ಲಿ ಹಿಡಿದು ಮಾಡುವ ಹಳಬರು ಈಗಲೂ ಅರ್ಧ ತಂಬಿಗೆ ಉಳಿಸಿಯೇ ಏಳುತ್ತಾರೆ. ನಲ್ಲಿ ತಿರುಗಿಸಿ ಬಿಟ್ಟು ಮಾತಿಗೆ ನಿಲ್ಲುವವರಿಂದ ಹುಡುಗರು ಬೇರೆ ಪಾಠ ಕಲಿಯುತ್ತಾರೆ. ನೀರು ಸಿಗದಿದ್ದರೆ, ಮುಟ್ಟಿದರೆ ಕಾಯಿಲೆ ಹೆಚ್ಚುವ ಹಾಗಿದ್ದರೆ, ವುಜೂವಿನ ಬದಲಿಗೆ ಶುದ್ಧ ಮಣ್ಣಿನ ಮೇಲೆ ಕೈ ತಟ್ಟಿ ಸವರುವ ತಯಮ್ಮುಮ್ ಇದೆ. ಮನೆಯ ನಲ್ಲಿ ಒಂದು ದಿನ ಬರಲಿಲ್ಲವೆಂದು ಅದನ್ನು ಹಿಡಿಯುವಂತಿಲ್ಲ.

ಲಾರಿ ಓಡಿಸುವವರಿಗೆ ಪ್ರಯಾಣದ ರಿಯಾಯಿತಿ ಇದೆ. ಉಪಖಂಡದ ಹನಫಿ ಉಲೇಮಾಗಳು ಸಾಮಾನ್ಯವಾಗಿ 77–78 ಕಿಲೋಮೀಟರ್ ದೂರದ ಪಯಣಕ್ಕೆ ಹೊರಟವನನ್ನು ಮುಸಾಫಿರ್ ಎನ್ನುತ್ತಾರೆ. ದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರ್, ಅದು ಸಾಲದು. ಬೆಂಗಳೂರಿಗೆ ಸುಮಾರು 200, ಆಗ ನಾಲ್ಕು ರಕಾತಿನ ಫರ್ಜ್ ಎರಡಕ್ಕೆ ಇಳಿಯುತ್ತದೆ. ಫಜರ್, ಮಗ್ರಿಬ್ ಇದ್ದಂತೆಯೇ. ಇಡೀ ಭೂಮಿಯೇ ನಮಾಜಿನ ಜಾಗ, ಆದ್ದರಿಂದ ಡಾಬಾದ ಹಿಂದಿನ ಚೊಕ್ಕ ಮೂಲೆಯೂ ಆದೀತು. ನಡೆಯುವವರ ದಾರಿಗೆ ಅಡ್ಡ ಹಾಸುವುದು ಮಾತ್ರ ಮಕ್ರೂಹ್, ಅಂದರೆ ಅನಪೇಕ್ಷಿತ.

ಅಡ್ಡಿಗಳೆಲ್ಲ ತೀರಿದ ಮೇಲೂ ಒಂದು ವಾದ ಉಳಿಯುತ್ತದೆ: ಐದು ಹೊತ್ತು ಮಾಡಿ ತೂಕದಲ್ಲಿ ಮೋಸ ಮಾಡುವವರನ್ನು ನೋಡಿಲ್ಲವೇ, ನಾನು ಅವರಿಗಿಂತ ವಾಸಿ. ಈ ಮಾತಿಗೆ ಸಿಟ್ಟಾಗುವ ಅಗತ್ಯವಿಲ್ಲ, ಕುರ್‌ಆನೇ ಅದನ್ನು ಎತ್ತಿದೆ. ನಮಾಜ್ ಕೆಟ್ಟದ್ದರಿಂದ ತಡೆಯುತ್ತದೆ ಎಂದು 29ನೆಯ ಅಧ್ಯಾಯ ಹೇಳಿದರೆ, ನಮಾಜಿನ ಬಗ್ಗೆ ಉಡಾಫೆಯಿದ್ದು, ತೋರಿಕೆಗೆ ಮಾಡುತ್ತ, ನೆರೆಯವರಿಗೆ ಸಣ್ಣ ವಸ್ತುವನ್ನೂ ಕೊಡದವರನ್ನು 107ನೆಯದು ಖಂಡಿಸುತ್ತದೆ. ಮೋಸಗಾರ ನಮಾಜಿಯ ತಪ್ಪು ಅವನ ನಮಾಜಲ್ಲ, ಮೋಸ. ಅಲ್ಲಿಂದ ನಮಾಜ್ ಬಿಡಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಹಾಗೆಂದು ಆ ದೂರು ಹುಸಿಯೂ ಅಲ್ಲ.

ಸ್ನೇಹಿತನ ದಾಕ್ಷಿಣ್ಯಕ್ಕೆ ಮಾಡುವ ನಮಾಜ್ ರಿಯಾ, ಅಂದರೆ ತೋರಿಕೆ, ಆಗುವುದಿಲ್ಲವೇ ಎಂಬ ಅನುಮಾನ ಸೂಕ್ಷ್ಮವಾದದ್ದು. ಜನರಿಗೆ ಹೆದರಿ ಒಳ್ಳೆಯ ಕೆಲಸ ಬಿಡುವುದೂ ರಿಯಾವೇ ಎಂಬ ಅರ್ಥದ ಮಾತು ಸೂಫಿ ಪರಂಪರೆಯ ಫುಝೈಲ್ ಬಿನ್ ಇಯಾಝ್‌ರದು. ಹೊರಡುವುದಕ್ಕೆ ಇನ್ನೊಬ್ಬರ ಜೊತೆ ಬೇಕಾಗಬಹುದು. ನಿಂತು ಕೈಕಟ್ಟುವ ಹೊತ್ತಿಗೆ ನಿಯ್ಯತ್ ತನ್ನದಾಗಿದ್ದರೆ ಸಾಕು. ಮೌಲಾನಾ ಮುಹಮ್ಮದ್ ಇಲ್ಯಾಸ್ (1885–1944) ಮೇವಾತದಲ್ಲಿ ಆರಂಭಿಸಿದ ತಬ್ಲೀಗ್ ಜಮಾಅತಿನ ಗಷ್ತ್ ಈ ಜೊತೆಯನ್ನೇ ಆಧರಿಸಿದೆ. ಅಸರ್ ಆದ ಮೇಲೆ ನಾಲ್ಕಾರು ಮಂದಿ ಕೇರಿಯಲ್ಲಿ ಸುತ್ತಿ, ಬಾಗಿಲಲ್ಲಿ ಸಲಾಂ ಹೇಳಿ, ಮಗ್ರಿಬ್‌ಗೆ ಕರೆಯುತ್ತಾರೆ. ಅವರ ಆರು ಅಂಶಗಳಲ್ಲಿ ನಮಾಜಿನ ಜೊತೆಗೆ ಇಕ್ರಾಮೆ ಮುಸ್ಲಿಮ್, ಅಂದರೆ ಎದುರಿನವನ ಮರ್ಯಾದೆ ಕಾಯುವುದೂ ಇದೆ. ಈ ಅಂಶ ಮರೆತಾಗ ಗಷ್ತ್ ಹಾಜರಿ ಪುಸ್ತಕದಂತಾಗುತ್ತದೆ, ಅವರು ಬರುವುದು ಕಂಡೊಡನೆ ಹುಡುಗರು ಅಂಗಡಿಯ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮುಟ್ಟಿನ ದಿನಗಳಲ್ಲಿ, ಬಾಣಂತನದ ರಕ್ತಸ್ರಾವ ಇರುವವರೆಗೆ, ನಮಾಜ್ ಇಲ್ಲ. ಆ ದಿನಗಳ ಖಜಾವೂ ಇಲ್ಲ. ನಮಾಜ್ ಆಯಿತಾ ಎಂದು ಮಾವನೋ ಭಾವನೋ ಎಲ್ಲರೆದುರು ಕೇಳಿದರೆ ಅವಳು ಸುಳ್ಳು ಹೇಳಬೇಕು ಇಲ್ಲವೇ ನಾಚಬೇಕು. ಕೇಳದೇ ಇರುವುದು ಅಲ್ಲಿ ಶಿಷ್ಟಾಚಾರ. ಅಡುಗೆ, ಮಕ್ಕಳ ನಡುವೆ ಮಗ್ರಿಬ್ ಹೊತ್ತು ಜಾರುವ ಮನೆಯಲ್ಲಿ ಆ ಹದಿನೈದು ನಿಮಿಷ ಮಗುವನ್ನು ಎತ್ತಿಕೊಳ್ಳುವ ಗಂಡ ಬಾಯಲ್ಲಿ ಏನನ್ನೂ ಹೇಳಬೇಕಾಗಿಲ್ಲ.

ಉಪದೇಶ ಗುಟ್ಟಾಗಿರಬೇಕು ಎಂಬುದರಲ್ಲಿ ಹಿಂದಿನವರು ಒಮ್ಮತದವರು. ನಾಲ್ಕು ಜನರ ಮುಂದೆ ಹೇಳಿದ್ದು ನಸೀಹತ್ ಆಗಿ ಉಳಿಯದೆ ಅವಮಾನವಾಗುತ್ತದೆ. ಎರಡು–ಮೂರು ಸಲ ಹೇಳಿಯೂ ಫಲವಿಲ್ಲದಿದ್ದರೆ ಏನು ಮಾಡಬೇಕು? ಗಝಾಲಿ ಸ್ನೇಹದ ಹಕ್ಕುಗಳ ಅಧ್ಯಾಯದಲ್ಲಿ ಇಬ್ಬರು ಸಹಾಬಿಗಳ (ಪ್ರವಾದಿಯವರ ಸಂಗಾತಿಗಳ) ಭಿನ್ನ ನಿಲುವನ್ನು ಎದುರುಬದುರು ಇಡುತ್ತಾರೆ. ದಾರಿ ತಪ್ಪಿದ ಸ್ನೇಹಿತನ ಸಂಗ ಬಿಡಬೇಕೆಂಬುದು ಅಬೂ ಝರ್ರರ ಮತ. ಮನುಷ್ಯ ಒಮ್ಮೆ ಡೊಂಕಾಗುತ್ತಾನೆ, ಒಮ್ಮೆ ನೆಟ್ಟಗಾಗುತ್ತಾನೆ, ಆ ಕಾರಣಕ್ಕೆ ಅವನನ್ನು ಬಿಡಬಾರದು ಎಂಬುದು ಅಬುದ್ದರ್ದಾರ ಮತ. ಎರಡನ್ನೂ ತೂಗಿ ಗಝಾಲಿ ಎರಡನೆಯದರ ಕಡೆಗೆ ವಾಲುತ್ತಾರೆ: ಸಂಗ ಉಳಿದರೆ ನಾಚಿಕೆಯೂ ಉಳಿಯುತ್ತದೆ, ಮರಳುವ ದಾರಿಯೂ ತೆರೆದಿರುತ್ತದೆ. ಒಬ್ಬರ ಮನೆ ನಿಕಾಹಿಗೆ, ಇನ್ನೊಬ್ಬರ ಮನೆ ಜನಾಜಾಕ್ಕೆ ಎಲ್ಲರೂ ಸೇರಲೇಬೇಕಾದ ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಅಬೂ ಝರ್ರರ ಮತ ಪಾಲಿಸುವುದು ಹೇಗೂ ಕಷ್ಟ. ಮಾತು ನಿಲ್ಲಿಸಿ, ಚಹಾ ನಿಲ್ಲಿಸದೆ, ಅವನಿಲ್ಲದಾಗ ಅವನಿಗಾಗಿ ದುಆ ಮಾಡುವುದು ಇಂಥ ಕಡೆ ಹಿರಿಯರು ಹಿಡಿಯುವ ದಾರಿ.